ತೋಳಲ್ಲಿ ಬಲವಿಲ್ಲ, ಕಂಬ ಏರಬಹುದೇ?

ಪ್ರಶ್ನೆ: ನನಗೆ 36 ವರ್ಷ, ತೀರ್ಥಹಳ್ಳಿಯಲ್ಲಿ ಶಿಕ್ಷಕಿ. ಶಿವಮೊಗ್ಗದಲ್ಲಿ ಗೆಳತಿ ಹೋಗುವ ಕ್ಲಾಸಿನಲ್ಲಿ ಪೋಲ್ ಎಂಬ ಲೋಹದ ಕಂಬದ ಮೇಲೆ, ಮೇಲಿಂದ ಇಳಿಬಿಟ್ಟ ಸಿಲ್ಕ್ ಬಟ್ಟೆಯ ಮೇಲೆ ವ್ಯಾಯಾಮ ಹೇಳಿಕೊಡುತ್ತಾರೆ. ಒಂದು ದಿನ ಬಂದು ನೋಡು ಅನ್ನುತ್ತಿದ್ದಾಳೆ. ಆಸೆಯೇನೋ ಇದೆ. ಆದರೆ ತೂಕ 71 ಕೆ.ಜಿ., ಒಂದು ಪುಷ್ ಅಪ್ ಕೂಡ ಬರುವುದಿಲ್ಲ. ನಗೆಪಾಟಲಾಗುತ್ತೇನೇನೋ ಎಂಬ ಅಳುಕು. ಅತ್ತೆಗೆ ಏನೆಂದು ಹೇಳಲಿ ಎನ್ನುವುದು ಇನ್ನೊಂದು ಚಿಂತೆ.

ಉತ್ತರ: ಹೋಗಿ. ಪುಷ್ ಅಪ್ ಕಲಿತ ಮೇಲೆ ಬರುತ್ತೇನೆ ಎಂದು ಕಾದು ಕುಳಿತ ಹಲವರನ್ನು ಕಂಡಿದ್ದೇನೆ, ಅವರಲ್ಲಿ ಹೆಚ್ಚಿನವರು ಬರಲೇ ಇಲ್ಲ.

ನಿಮ್ಮ ಕಡೆ ಕೊನೆಗಾರರು ಅಡಿಕೆ ಮರ ಏರುವುದನ್ನು ಒಮ್ಮೆ ನಿಂತು ನೋಡಿ. ಪಾದಕ್ಕೆ ಹಾಕಿದ ಕುಣಿಕೆ ಮರವನ್ನು ಕಚ್ಚಿಕೊಳ್ಳುತ್ತದೆ, ಮಂಡಿ ಮಡಚುತ್ತದೆ, ಮತ್ತೆ ಕಾಲು ನೆಟ್ಟಗಾಗುತ್ತದೆ. ಮೈಯನ್ನು ಮೇಲಕ್ಕೆ ಒಯ್ಯುವುದು ಕಾಲು. ಕೈ ಮರವನ್ನು ತಬ್ಬಿಕೊಂಡು, ಮೈ ಹಿಂದಕ್ಕೆ ವಾಲದಂತೆ ಕಾಯುತ್ತದೆ. ಸಿಲ್ಕ್‌ನಲ್ಲೂ ಇದೇ ಲೆಕ್ಕ. ಬಟ್ಟೆಯನ್ನು ಒಂದು ಕಾಲಿಗೆ ಸುತ್ತಿ, ಪಾದದ ಮೇಲೆ ಬಂದ ಭಾಗವನ್ನು ಇನ್ನೊಂದು ಪಾದದಿಂದ ಅದುಮಿ ಹಿಡಿದರೆ ಗಾಳಿಯಲ್ಲೇ ಒಂದು ಮೆಟ್ಟಿಲು ಸಿಕ್ಕಂತೆ. ಇದಕ್ಕೆ ರಷ್ಯನ್ ಕ್ಲೈಂಬ್ ಅನ್ನುತ್ತಾರೆ. ಆ ಮೆಟ್ಟಿಲ ಮೇಲೆ ಎದ್ದು ನಿಂತ ಕ್ಷಣ ಹೊಸಬರ ಮುಖ ನೋಡಬೇಕು! ಕೈಯಲ್ಲಿ ಜೋತುಬಿದ್ದಾಗ ಮಾತ್ರ ಹೆಗಲು ಕಿವಿಗೆ ತಾಗದಂತೆ ಕೆಳಕ್ಕೆ ಎಳೆದುಕೊಳ್ಳಿ. ಕೀಲಿಗೆ ಏಟಾಗುವುದು ಹೆಚ್ಚಾಗಿ ಅಲ್ಲೇ.

ಮೊದಲ ದಿನ ಇಳಿಯುವುದನ್ನು ಚೆನ್ನಾಗಿ ಕಲಿತು ಬನ್ನಿ. ಕಲಿಯುವ ದಿನಗಳಲ್ಲಿ ನಾನು ಗಾಬರಿಯಾಗಿ ಕಾಲು ಬಿಟ್ಟು, ಬಟ್ಟೆಯನ್ನು ಮುಷ್ಟಿಯಲ್ಲೇ ಬಿಗಿಹಿಡಿದು ಸರ್ರನೆ ಜಾರಿದ್ದೆ. ಎರಡೂ ಅಂಗೈ ಸುಟ್ಟು ಕೆಂಪಾಗಿ, ಒಂದು ವಾರ ಅಕ್ಕಿರೊಟ್ಟಿ ತಟ್ಟಲು ಆಗಲಿಲ್ಲ. ನನಗೆ ಇಳಿಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಕೈ ಕೆಳಗೆ, ಆಮೇಲೆ ಇನ್ನೊಂದು ಕೈ, ಪಾದದ ಹಿಡಿತ ಸ್ವಲ್ಪ ಸ್ವಲ್ಪವೇ ಸಡಿಲ. ಇದನ್ನು ಎರಡಡಿ ಎತ್ತರದಲ್ಲಿ ಹತ್ತು ಸಲ ಮಾಡಿಸದೆ ಮೇಲೆ ಕಳಿಸುವ, ಮೊದಲ ದಿನವೇ ತಲೆಕೆಳಗಾಗಿಸುವ ಟೀಚರ್ ಬೇಡ. ಕೆಳಗೆ ದಪ್ಪ ಮ್ಯಾಟ್ ಇಲ್ಲದಿದ್ದರೂ ವಾಪಸ್ ಬನ್ನಿ.

ಬಟ್ಟೆಯ ವಿಷಯ. ಸಿಲ್ಕ್‌ಗೆ ಮೈ ಮುಚ್ಚಬೇಕು, ಲೆಗ್ಗಿಂಗ್ಸ್ ಮತ್ತು ಸೊಂಟ ಬಿಡದ ಟೀಶರ್ಟ್ ಆದರೆ ಮೊಣಕಾಲ ಹಿಂದೆ ಚರ್ಮ ಉಜ್ಜುವುದಿಲ್ಲ. ಪೋಲ್‌ಗೆ ಇದು ತಿರುಗುಮುರುಗು. ಸಾಮಾನ್ಯವಾಗಿ 45 ಮಿ.ಮೀ. ದಪ್ಪದ ಆ ನುಣುಪು ಲೋಹವನ್ನು ಹಿಡಿಯುವುದು ಬರಿ ಚರ್ಮ, ಅದಕ್ಕೇ ಶಾರ್ಟ್ಸ್. ಅಂಗಪ್ರದರ್ಶನಕ್ಕಲ್ಲ. ಉಂಗುರ, ಬಳೆ, ಕಾಲುಂಗುರ ತೆಗೆದಿಡಿ. ಎಣ್ಣೆ ಸ್ನಾನ ಮಾಡಿದ ದಿನ ಪೋಲ್ ಹತ್ತಿರ ಹೋಗಲೇಬೇಡಿ, ಬಾಡಿ ಲೋಷನ್ನೂ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಅಂಗೈ ಒಣಗುವುದೇ ಇಲ್ಲ, ಕಂಬದ ಮೇಲೂ ತೇವ ಕೂರುತ್ತದೆ. ಒಬ್ಬೊಬ್ಬರು ಇಳಿದ ಮೇಲೂ ಸ್ಪಿರಿಟ್ ಹಾಕಿ ಒರೆಸುತ್ತಾರೋ ಇಲ್ಲವೋ ಗಮನಿಸಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ಮರುದಿನ ತೊಡೆ, ಮೊಣಕಾಲ ಸುತ್ತ ನೀಲಿಗಟ್ಟಿದರೆ ಹೆದರಬೇಡಿ, ಕೆಲವು ದಿನಕ್ಕೆ ಮಾಯವಾಗುತ್ತದೆ.

71 ಕೆ.ಜಿ. ತಡೆಯೇ ಅಲ್ಲ. ಆದರೆ ಬಿ.ಪಿ., ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಬೆನ್ನಿನ ಡಿಸ್ಕ್ ತೊಂದರೆ ಇದ್ದರೆ, ಹಿಂದೆ ಹೆಗಲು ಜಾರಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ವೈದ್ಯರನ್ನು ಕೇಳಿ.

ಇನ್ನು ಅತ್ತೆ. ಪೋಲ್ ಬೆಳೆದದ್ದು ಪಾಶ್ಚಾತ್ಯ ಕ್ಲಬ್‌ಗಳ ನರ್ತಕಿಯರ ಮೈಬಲದಿಂದ. ಅದನ್ನು ಮುಚ್ಚಿಡುವುದು ಅವರಿಗೆ ಮಾಡುವ ಅನ್ಯಾಯ. 2017ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಸಂಘಟನೆ ಪೋಲ್ ಕ್ರೀಡೆಗೆ ವೀಕ್ಷಕ ಸ್ಥಾನ ಕೊಟ್ಟಿತು. ಹಾಗಂತ ಕಂಬದ ಮೇಲಿನ ಕಸರತ್ತು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಜಟ್ಟಿಗಳ ಮಲ್ಲಸ್ತಂಭದ ಮಾತಿದೆ. ಇಂದಿನ ಮಲ್ಲಕಂಬದಲ್ಲಿ ಮರಕ್ಕೆ ಹರಳೆಣ್ಣೆ ಸವರುತ್ತಾರೆ, ಹೆಣ್ಣುಮಕ್ಕಳು ಹಗ್ಗದ ಮೇಲೆ ಆಸನ ಹಾಕುತ್ತಾರೆ. ಅತ್ತೆಗೆ ಮಲ್ಲಕಂಬದ ಒಂದು ವಿಡಿಯೊ ತೋರಿಸಿ, ಆಮೇಲೆ ಅವರನ್ನೇ ಒಂದು ದಿನ ಕ್ಲಾಸಿಗೆ ಕರೆದುಕೊಂಡು ಹೋಗಿ ಕೂರಿಸಿ. ಕಣ್ಣಾರೆ ಕಂಡ ಮೇಲೆ ಬೇಡ ಎಂದವರು ನನ್ನ ಅನುಭವದಲ್ಲಿ ಕಡಿಮೆ.

ಪ್ರಶ್ನೆ: ನಮ್ಮದು ಸಾಗರದ ಹಳೇ ಹೆಂಚಿನ ಮನೆ. ಗಟ್ಟಿ ತೊಲೆಗಳಿವೆ. ಮಗಳು ಅದಕ್ಕೇ ಸಿಲ್ಕ್ ಕಟ್ಟಿಕೊಡಿ ಎನ್ನುತ್ತಾಳೆ. ಕಟ್ಟಬಹುದೇ?

ಉತ್ತರ: ಬೇಡ. ಸುಮ್ಮನೆ ನೇತಾಡಿದರೆ ತೊಲೆಗೆ ಬೀಳುವುದು ಮಗಳ ತೂಕ ಮಾತ್ರ. ಸುತ್ತು ಬಿಚ್ಚಿ ಎರಡಡಿ ಜಾರಿ ಗಕ್ಕನೆ ನಿಂತರೆ ಅದರ ಹಲವು ಪಟ್ಟು ಒಂದೇ ಏಟಿಗೆ ಬೀಳುತ್ತದೆ. ಆ ತೊಲೆ ಹಾಕಿದ್ದು ಹೆಂಚಿನ ಭಾರಕ್ಕೆ, ಇಂಥ ಜಗ್ಗಿಗಲ್ಲ. ಗೋಡೆಯೊಳಗೆ ಹುದುಗಿದ ಅದರ ತುದಿ ಎಷ್ಟು ಮಳೆಗಾಲದ ತೇವ ಕುಡಿದಿದೆಯೋ, ಗೆದ್ದಲು ಎಷ್ಟು ತಿಂದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಹೇಳುವತನಕ ಏನನ್ನೂ ಕಟ್ಟಬೇಡಿ. ಅಷ್ಟರವರೆಗೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಹಳೇ ಸೀರೆಯನ್ನು ನೀವು ಮೇಲಿಂದ ಇಳಿಬಿಟ್ಟು ಹಿಡಿದು ನಿಲ್ಲಿ. ಕಾಲಿಗೆ ಸುತ್ತುವುದು, ಇನ್ನೊಂದು ಪಾದದಿಂದ ಅದುಮುವುದು, ಬಿಡಿಸುವುದು. ಎರಡೂ ಕಾಲಿಗೆ ಹತ್ತತ್ತು ಸಲ.