ಹಸಿರು ಬೇಲಿಯ ಪ್ರಿವೆಟ್: ಬುಡ ಬೋಳಾದರೆ ಏನು ಮಾಡೋದು?

ಪ್ರಶ್ನೆ: ನಾವು ಗದಗ ಕಡೆಯವರು, ಈಗ ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಕೊಂಡುಕೊಂಡ ಮನೆಯ ಹಿತ್ತಲಲ್ಲಿ ಸಾಲಾಗಿ ಲಿಗಸ್ಟ್ರಮ್, ಅಂದರೆ ಪ್ರಿವೆಟ್ ಗಿಡಗಳಿವೆ. ಮೇಲೆ ಒಳ್ಳೇ ಹಸಿರು, ಆದರೆ ಮೊಣಕಾಲೆತ್ತರದವರೆಗೆ ಬರೀ ಕಡ್ಡಿ. ಪಕ್ಕದ ಮನೆಯವರ ಹಿತ್ತಲು ಪೂರ್ತಿ ಕಾಣುತ್ತದೆ. ಗೊಬ್ಬರ ಹಾಕಿಯೂ ಆಯ್ತು. ಕಿತ್ತು ಹೊಸದು ನೆಡೋದಾ?

ಉತ್ತರ: ದಯವಿಟ್ಟು ಕೀಳಬೇಡಿ. ಗೊಬ್ಬರದಿಂದಲೂ ಇದು ಸರಿಹೋಗಲ್ಲ, ಯಾಕಂದ್ರೆ ನಿಮ್ಮ ಗಿಡಕ್ಕೆ ಹಸಿವಿಲ್ಲ, ಬುಡಕ್ಕೆ ಬಿಸಿಲಿಲ್ಲ ಅಷ್ಟೇ. ಪ್ರತಿ ಸಲವೂ ನೆತ್ತಿ ಮತ್ತು ಪಕ್ಕಗಳನ್ನು ನೇರ ಗೋಡೆಯ ಹಾಗೆ ಕತ್ತರಿಸುತ್ತಾ ಹೋದರೆ ಚಿಗುರೆಲ್ಲ ಮೇಲ್ಗಡೆಯೇ ಒಡೆದು ಅಗಲವಾಗುತ್ತದೆ, ಆ ನೆರಳಲ್ಲಿ ಕೆಳಗಿನ ಎಲೆ ಉದುರುತ್ತದೆ. ಹಾಗಾಗಿ ಕೆಳಗೆ ಅಗಲ, ಮೇಲಕ್ಕೆ ಹೋದಂತೆ ಕಿರಿದು ಆಗುವಂತೆ ಸವರಬೇಕು. ಈ ಒಂದು ವಿಷಯ ಹಿಡಿದುಕೊಂಡರೆ ಬೇಲಿಯ ಅರ್ಧ ತೊಂದರೆ ಹೋದಂತೆಯೇ.

ಈಗ ಬೋಳಾಗಿರುವುದಕ್ಕೆ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಚಳಿಗಾಲ ಮುಗಿಯುತ್ತಾ ಬಂದು ಹೊಸ ಚಿಗುರು ಇನ್ನೂ ಬಂದಿಲ್ಲ ಅನ್ನೋ ಹೊತ್ತಿನಲ್ಲಿ, ಪ್ರತಿ ಗಿಡದಲ್ಲೂ ದಪ್ಪ ಹಳೇ ಕಾಂಡಗಳಲ್ಲಿ ಮೂರರಲ್ಲೊಂದು ಭಾಗವನ್ನು ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ. ಮುಂದಿನ ವರ್ಷ ಇನ್ನೊಂದಷ್ಟು, ಅದರ ಮುಂದಿನ ವರ್ಷ ಉಳಿದಿದ್ದು. ಬೇಲಿ ಒಮ್ಮೆಲೇ ಬಯಲಾಗುವುದಿಲ್ಲ, ಬುಡದಿಂದ ಚಿಗುರೂ ಬರುತ್ತದೆ. ಪ್ರಿವೆಟ್ ಈ ವಿಷಯದಲ್ಲಿ ಬಹಳ ಗಟ್ಟಿ ಜೀವ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿಗೆ ಬಂದ ಆ ಭಾರೀ ಚಳಿಗೆ ಅಲ್ಲಿ ಎಷ್ಟೋ ಲಿಗಸ್ಟ್ರಮ್‌ಗಳ ಎಲೆ ಕಂದಾಗಿ ಒಣಗಿತ್ತು, ಆದರೂ ಬುಡದಿಂದ ಮತ್ತೆ ಎದ್ದ ಗಿಡಗಳಿವೆ. ಕಾಂಡ ಸತ್ತಿದೆಯೋ ಬದುಕಿದೆಯೋ ಅನುಮಾನ ಬಂದರೆ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿಹಸಿ ಹಸಿರಿದ್ದರೆ ಜೀವ ಇದೆ. ಒಣಗಿ ಕಂದಾಗಿದ್ದರೆ ಹಸಿರು ಸಿಗುವ ತನಕ ಕೆಳಗೆ ಕೆರೆಯುತ್ತಾ ಬನ್ನಿ, ಅಲ್ಲಿಗೆ ಕತ್ತರಿಸಿ.

ಮಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಡಲ್ಲಾಸ್ ಸುತ್ತಮುತ್ತ ಇರುವುದು ನಿಮ್ಮ ಗದಗದ ಎರೆಮಣ್ಣಿನ ಜಾತಿಯದೇ ಕಪ್ಪು ಮಣ್ಣು. ಬೇಸಿಗೆಗೆ ಬಿರುಕು ಬಿಡುತ್ತದೆ, ಮಳೆ ಬಂದರೆ ಅಂಟುತ್ತದೆ, ನೀರು ಬೇಗ ಇಂಗುವುದಿಲ್ಲ. ನೀರು ನಿಂತರೆ ಈ ಗಿಡದ ಬೇರು ಕೊಳೆಯುತ್ತದೆ. ಸಾಲಿನ ಮಧ್ಯೆ ಹೊಸ ಗಿಡ ಸೇರಿಸುವುದಾದರೆ ಅಕ್ಟೋಬರ್, ನವೆಂಬರ್‌ನಲ್ಲಿ ನೆಡಿ. ಗುಂಡಿ ಅಗಲವಾಗಿರಲಿ, ಆಳ ಮಾತ್ರ ಕುಂಡದಷ್ಟೇ ಸಾಕು, ಬುಡ ನೆಲಕ್ಕಿಂತ ಒಂದಿಷ್ಟು ಮೇಲೆಯೇ ಇರಲಿ. ಗಿಡದಿಂದ ಗಿಡಕ್ಕೆ ಮೂರಡಿ. ಮೊದಲ ಬೇಸಿಗೆಯಲ್ಲಿ ಮೇಲಿನ ಮಣ್ಣು ಒಣಗಿದಾಗ ಆಳಕ್ಕೆ ಇಳಿಯುವಂತೆ ನೀರು ಕೊಡಿ. ದಿನಾ ಸುಮ್ನೆ ಚಿಮುಕಿಸುವುದರಿಂದ ಬೇರು ಮೇಲೇ ಉಳಿಯುತ್ತದೆ.

ಪ್ರಶ್ನೆ: ಎಲೆಯ ಮೇಲೆ ದುಂಡಗೆ ಕಂದು ಚುಕ್ಕೆ, ಸುತ್ತ ನೇರಳೆ ಅಂಚು. ಯಾವ ಔಷಧ ಹೊಡೆಯಲಿ? (ಹ್ಯೂಸ್ಟನ್)

ಉತ್ತರ: ಇದು ಶಿಲೀಂಧ್ರದ ಎಲೆಚುಕ್ಕೆ ರೋಗದ ಹಾಗಿದೆ. ಔಷಧಕ್ಕೆ ಮುಂಚೆ ಸ್ಪ್ರಿಂಕ್ಲರ್ ನೋಡಿ. ಎಲೆ ಒದ್ದೆಯಾಗಿಯೇ ಇದ್ದರೆ ಚುಕ್ಕೆ ಹರಡುತ್ತದೆ. ನೀರು ಬುಡಕ್ಕೆ ಕೊಡಿ, ಉದುರಿದ ಎಲೆ ಗುಡಿಸಿ ಕಸಕ್ಕೆ ಹಾಕಿ, ಒಳಗಿನ ಒಂದಷ್ಟು ಕೊಂಬೆ ತೆಗೆದು ಗಾಳಿಯಾಡಲು ಬಿಡಿ.

ಪ್ರಶ್ನೆ: ಪ್ರಿವೆಟ್ ಕಾಡಿಗೆ ಹಬ್ಬುವ ಕಳೆ, ನೆಡಬೇಡಿ ಅಂತ ಪಕ್ಕದವರು ಹೇಳುತ್ತಾರೆ. ನಿಜವೇ? ಮನೆಯಲ್ಲಿ ಚಿಕ್ಕ ಮಗುವೂ ಇದೆ. (ಅಟ್ಲಾಂಟಾ)

ಉತ್ತರ: ನಿಜ, ನಿಮ್ಮ ಪಕ್ಕದವರ ಮಾತು ಕೇಳಿ. ಅಲ್ಲಿಯ ಹೊಳೆದಂಡೆ, ಕಾಡಂಚುಗಳನ್ನೆಲ್ಲ ಆವರಿಸಿರುವುದು ಮುಖ್ಯವಾಗಿ ಚೀನಾದ ಪ್ರಿವೆಟ್. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ, ಅದರಡಿ ಅಲ್ಲಿಯ ಸ್ವಂತ ಗಿಡಗಳು ಏಳುವುದಿಲ್ಲ. ಗುರುತಿಸಲು ಎಳೆ ಕಡ್ಡಿಯೊಂದನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ರೋಮ ಕಂಡು, ಎಲೆ ತೆಳ್ಳಗೆ ಚಿಕ್ಕದಾಗಿದ್ದರೆ ಅದು ಚೀನಾದ್ದು. ಜಪಾನಿನ ಪ್ರಿವೆಟ್‌ನ ಎಲೆ ದಪ್ಪ, ಮೇಣ ಸವರಿದಂತೆ ಹೊಳಪು, ಕಡ್ಡಿಯಲ್ಲಿ ರೋಮ ಇರುವುದು ಅಪರೂಪ. ಆದರೆ ಜಪಾನಿನದೂ ಹಣ್ಣು ಬಿಡುತ್ತದೆ, ಬೀಜ ಹರಡುತ್ತದೆ. ಹೊಸದಾಗಿ ನೆಡುವವರಿಗೆ ನನ್ನ ಮಾತು ಒಂದೇ: ಆ ಊರಿನದ್ದೇ ನಿತ್ಯಹಸಿರು ಗಿಡ ಕೇಳಿ ತನ್ನಿ. ಈಗಾಗಲೇ ಇದ್ದರೆ ಹೂ ಬಾಡುತ್ತಿದ್ದಂತೆ ಗೊಂಚಲು ಕತ್ತರಿಸಿ, ಹಣ್ಣಾಗಲು ಬಿಡಬೇಡಿ. ಆ ಕಪ್ಪುನೀಲಿ ಹಣ್ಣು ಮನುಷ್ಯರಿಗೆ ವಿಷ, ವಾಂತಿ ಭೇದಿ ಆಗುತ್ತದೆ. ಮಗು ಇರುವ ಮನೆಯಲ್ಲಿ ಈ ಕೆಲಸ ಮುಂದಕ್ಕೆ ಹಾಕಲೇಬೇಡಿ.

ಪ್ರಶ್ನೆ: ಹೂವಿನ ವಾಸನೆಗೆ ತಲೆನೋವು ಬರುತ್ತೆ. ಮಲ್ಲಿಗೆ ಜಾತಿ ಅಂತಾರಲ್ಲ? (ಸಿಡ್ನಿ)

ಉತ್ತರ: ಹೌದು, ಮಲ್ಲಿಗೆ, ಪಾರಿಜಾತ, ಆಲಿವ್ ಎಲ್ಲ ಇರುವ ಕುಟುಂಬವೇ. ಆದರೆ ಇದರ ವಾಸನೆ ಜಾಸ್ತಿ ಗಾಢ, ಎಲ್ಲರಿಗೂ ಒಗ್ಗುವುದಿಲ್ಲ. ಮೊಗ್ಗಿನಲ್ಲೇ ಸವರಿಬಿಡಿ. ಗಿಡಕ್ಕೇನೂ ಆಗುವುದಿಲ್ಲ, ಹಣ್ಣಿನ ಕಾಟವೂ ತಪ್ಪುತ್ತದೆ.

ಪ್ರಶ್ನೆ: ಬೆಂಗಳೂರಿನ ಮನೆಗೆ ಇದನ್ನೇ ತರಿಸಲೇ?

ಉತ್ತರ: ಬೇಡ. ಕಾಮಿನಿ ಗಿಡ ನೆಡಿ. ಕರಿಬೇವಿನ ಸಂಬಂಧದ್ದು, ಬಿಳಿ ಹೂ, ಒಳ್ಳೇ ಪರಿಮಳ, ಕತ್ತರಿಗೂ ಚೆನ್ನಾಗಿ ಒಗ್ಗುತ್ತದೆ, ನಮ್ಮ ನರ್ಸರಿಗಳಲ್ಲೇ ಸಿಗುತ್ತದೆ. ಅದನ್ನೂ ಕೆಳಗೆ ಅಗಲ, ಮೇಲೆ ಕಿರಿದಾಗಿಯೇ ಸವರಿ.