ಪ್ರತಿಕ್ರಿಯೆ: ಕಲಿತ ಹುಡುಗರು ವರ್ಷದೊಳಗೇ ಕೆಲಸ ಬಿಡುವುದೇಕೆ?

ಮಾನ್ಯರೇ,

ಕಾರವಾರದ ಶಿರವಾಡದಲ್ಲಿರುವ ನಿಮ್ಮ ಘಟಕಕ್ಕೆ ಐಟಿಐ ಮುಗಿಸಿ ಬಂದ ಫಿಟ್ಟರುಗಳು (ಯಂತ್ರದ ಭಾಗಗಳನ್ನು ಜೋಡಿಸುವವರು) ವರ್ಷ ತುಂಬುವುದರೊಳಗೆ ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶದ ಕಡೆಗೆ ಹೋಗುತ್ತಿದ್ದಾರೆ, ಸಂಬಳ ಹೆಚ್ಚಿಸಿದರೆ ನಿಲ್ಲುವರೇ ಎಂದು ಕೇಳಿದ್ದೀರಿ. ಶಿರಸಿಯಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ವರ್ಕ್‌ಶಾಪ್ ನಡೆಸುವವನಾಗಿ ಹೇಳುವುದಾದರೆ, ಸಂಬಳದ ಪೈಪೋಟಿಯಲ್ಲಿ ನಮ್ಮಂಥವರು ದೊಡ್ಡ ಕಾರ್ಖಾನೆಗಳನ್ನು ಗೆಲ್ಲಲಾರೆವು. ಆದರೆ ಹುಡುಗರು ಬಿಟ್ಟುಹೋಗಲು ಅದೊಂದೇ ಕಾರಣವೂ ಅಲ್ಲ.

ನನ್ನಲ್ಲಿದ್ದ ಒಬ್ಬ ಹುಡುಗನನ್ನು ಎಂಟು ತಿಂಗಳ ಕಾಲ ವೆಲ್ಡಿಂಗ್ ಆದ ಫ್ರೇಮುಗಳನ್ನು ಗ್ರೈಂಡರ್ ಹಿಡಿದು ಉಜ್ಜುವ ಕೆಲಸಕ್ಕೇ ಹಚ್ಚಿದ್ದೆ. ಲೋಹದ ತುಂಡನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ಹಾಳಾದೀತೆಂಬ ಹೆದರಿಕೆಯಿಂದ ಅವನನ್ನು ಅದರ ಹತ್ತಿರ ಬಿಟ್ಟಿರಲಿಲ್ಲ. ಅವನು ಹೋದ ಮೇಲೆ ತಪ್ಪು ನನ್ನದೆಂದು ತಿಳಿಯಿತು. ಈಗ ಹೊಸಬರು ಮೂರನೆಯ ತಿಂಗಳಿಂದಲೇ ದಿನಕ್ಕೆ ಒಂದು ತಾಸು ಲೇತ್ ನಡೆಸುವ ಹಿರಿಯ ಟರ್ನರ್ ಪಕ್ಕದಲ್ಲಿ ನಿಂತು, ತುಂಡು ಶಾಫ್ಟ್‌ಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಲೋಹ ಕಡೆಯುವ ಒಂದೆರಡು ಟೂಲ್ ಬಿಟ್ ಮುರಿಯುತ್ತವೆ, ಮುರಿಯಲಿ.

ಇನ್ನೊಂದು, ರಜೆ. ನಮ್ಮ ಕಡೆ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ, ಸಮಯದಲ್ಲಿ ಹುಡುಗರು ಮನೆಗೆ ಹೋಗಲೇಬೇಕು. ಹಿಂದೆ ನಾನು ರಜೆ ಕೊಡದಿದ್ದಾಗ ಅವರು ಕೆಲಸವನ್ನೇ ಬಿಟ್ಟರು, ಈಗ ಸರದಿಯ ಪಟ್ಟಿಯನ್ನು ದೀಪಾವಳಿಗೂ ಮೊದಲೇ ಗೋಡೆಗೆ ಅಂಟಿಸುತ್ತೇನೆ. ಓವರ್‌ಟೈಮಿಗೆ ದುಪ್ಪಟ್ಟು ದರ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಅದನ್ನು ಕೊಡದೆ ನಿಷ್ಠೆಯ ಮಾತಾಡುವುದು ಸಲ್ಲದು. ಸಂಬಳ ಹೆಚ್ಚಿಸುವಿರಾದರೆ, ಎಲ್ಲರಿಗೂ ಒಂದೇ ಸಮನಾಗಿ ಏರಿಸುವ ಬದಲು, ಡ್ರಾಯಿಂಗ್ ನೋಡಿ ತಾನೇ ಜಾಬ್ ಸೆಟ್ ಮಾಡಬಲ್ಲವನಿಗೆ (ತುಂಡನ್ನು ಯಂತ್ರಕ್ಕೆ ಕೂರಿಸಿ ಅಳತೆ ಹೊಂದಿಸಬಲ್ಲವನಿಗೆ) ಇಷ್ಟು ಎಂದು ಮೊದಲ ದಿನವೇ ಬರೆದು ಕೊಡಿ.