ಐವತ್ತು ಯೂರೊ ನಗದು: ಜರ್ಮನಿಯ ಎಡ–ಬಲ ಜಗಳದ ಲೆಕ್ಕ

ಓದುಗರ ಪ್ರಶ್ನೆ

ಜರ್ಮನಿಯಲ್ಲಿ ನಿರಾಶ್ರಿತರಿಗೆ ಕೊಡುವ ನೆರವಿನ ಸುತ್ತ ಪಕ್ಷಗಳ ಕಿತ್ತಾಟ ನಡೆದೇ ಇದೆ. ಆ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಥರದವನ್ನು ಕೂಡಿಸಿ ಐದು ಪ್ರಶ್ನೆ ಮಾಡಿಕೊಂಡಿದ್ದೇವೆ.

ಜರ್ಮನಿಗೆ ಹೋಗಿ ‘ನಿರಾಶ್ರಿತ’ ಅಂದರೆ ಸಾಕು, ಮನೆ, ಸಂಬಳ ಎಲ್ಲ ಸಿಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ. ಕೈಗೆ ಸಿಗುವುದು ಎಷ್ಟು? (ಶಿವಮೊಗ್ಗದಿಂದ)

ಆ ಸಂದೇಶ ಮೂರು ಬೇರೆ ಬೇರೆ ಗುಂಪುಗಳನ್ನು ಒಂದೇ ಚೀಲಕ್ಕೆ ತುಂಬಿದೆ. ಆಶ್ರಯಕ್ಕೆ ಅರ್ಜಿ ಹಾಕಿ ತೀರ್ಪಿಗೆ ಕಾಯುತ್ತಿರುವವರು ಒಂದು, ಅರ್ಜಿ ಮಂಜೂರಾದವರು ಇನ್ನೊಂದು, ಉಕ್ರೇನಿನವರು ಮೂರನೆಯದು (ಇವರ ವಿಷಯ ಮೂರನೇ ಉತ್ತರದಲ್ಲಿ ಬರುತ್ತದೆ).

ಕಾಯುತ್ತಿರುವವರಿಗೆ 1993ರ ಪ್ರತ್ಯೇಕ ಕಾಯ್ದೆ ಇದೆ. ಒಂಟಿ ವಯಸ್ಕರಿಗೆ 2025ರಲ್ಲಿ ತಿಂಗಳಿಗೆ 441 ಯೂರೊ. ಅದರಲ್ಲಿ 245 ಊಟ, ಬಟ್ಟೆ ಇತ್ಯಾದಿಗೆ, 196 ಬಸ್ಸು, ಫೋನು, ಕೈಖರ್ಚಿಗೆ. ಹಿಂದಿನ ವರ್ಷ ಇದು 460 ಇತ್ತು, ಅಂದರೆ ಆ ವರ್ಷ ಇಳಿಯಿತು. ಶಿಬಿರದಲ್ಲಿ ಊಟ ಬಡಿಸಿದರೆ ಊಟದ ಪಾಲು ಹಣವಾಗಿ ಸಿಗುವುದಿಲ್ಲ. ಮೊದಲ 36 ತಿಂಗಳು ವೈದ್ಯಕೀಯ ನೆರವು ತುರ್ತು ಕಾಯಿಲೆ, ನೋವು, ಹೆರಿಗೆ, ಲಸಿಕೆ ಇಂಥವಕ್ಕೆ ಸೀಮಿತ. ಹಲ್ಲು ನೋಯುತ್ತಿದ್ದರೆ ನೋವಿಗೆ ಚಿಕಿತ್ಸೆ ಉಂಟು, ಆದರೆ ಕೃತಕ ಹಲ್ಲು ಕಟ್ಟಿಸುವುದನ್ನು ಮುಂದೂಡಲು ಆಗುವುದೇ ಇಲ್ಲ ಎಂದಾದರೆ ಮಾತ್ರ ಖರ್ಚು ಕೊಡುತ್ತಾರೆ.

ಅರ್ಜಿ ಮಂಜೂರಾದವರು ಕೆಲಸವಿಲ್ಲದ ಜರ್ಮನ್ ಪ್ರಜೆಯ ಸಾಲಿಗೇ ಬರುತ್ತಾರೆ: ಬ್ಯೂರ್ಗರ್‌ಗೆಲ್ಟ್ ಎಂಬ ಜೀವನ ಭತ್ಯೆ, 2024ರಲ್ಲೂ 2025ರಲ್ಲೂ 563 ಯೂರೊ, ಬಾಡಿಗೆ ಬೇರೆ. ‘ನಮಗೂ ಅಷ್ಟೇ, ಅವರಿಗೂ ಅಷ್ಟೇ’ ಎಂಬ ಸಿಟ್ಟು ಹುಟ್ಟುವುದು ಈ ಹಂತದಲ್ಲಿ.

ಒಂದು ವಿಚಿತ್ರ ಲೆಕ್ಕವನ್ನೂ ಹೇಳಬೇಕು. ಶಿಬಿರದಲ್ಲಿರುವ ಒಂಟಿ ವ್ಯಕ್ತಿಗೆ ಕಾಯ್ದೆ 10% ಕಡಿಮೆ ಹಣ ನಿಗದಿ ಮಾಡಿತ್ತು. ಒಂದೇ ಅಡುಗೆಮನೆ ಬಳಸುವ ಅಪರಿಚಿತರು ಗಂಡ–ಹೆಂಡತಿಯ ಹಾಗೆ ಕೂಡಿ ಅಡುಗೆ ಮಾಡಿ ಉಳಿಸುತ್ತಾರೆ ಎಂಬುದು ಅದರ ತರ್ಕ. ಹಾಗೆ ನಿಜವಾಗಿ ಉಳಿಯುತ್ತದೆ ಎಂಬುದಕ್ಕೆ ಆಧಾರವೇ ಇಲ್ಲ ಎಂದು ಸಂವಿಧಾನ ನ್ಯಾಯಾಲಯ 2022ರಲ್ಲಿ ಹೇಳಿ, ಬಹುಕಾಲದಿಂದ ಇರುವವರ ಮಟ್ಟಿಗೆ ಈ ಕಡಿತವನ್ನು ತಳ್ಳಿಹಾಕಿತು. ಹೊಸಬರ ಕೋಷ್ಟಕದಲ್ಲಿ ಮಾತ್ರ ಕಡಿಮೆ ದರ ಹಾಗೇ ಉಳಿದಿದೆ: 2025ರಲ್ಲಿ 397 ಯೂರೊ.

‘ಪಾವತಿ ಕಾರ್ಡ್’ ಎಂದರೇನು? ನಮ್ಮ ಎಟಿಎಂ ಕಾರ್ಡಿನ ಹಾಗೆಯೇ ತಾನೆ? ಅದರ ಮೇಲೆ ಅಷ್ಟು ಗಲಾಟೆ ಯಾಕೆ? (ಹುಬ್ಬಳ್ಳಿಯಿಂದ)

ನೋಡಲು ಹಾಗೇ ಇದೆ, ಆದರೆ ಹಿಂದೆ ಬ್ಯಾಂಕ್ ಖಾತೆ ಇಲ್ಲ. ಸರ್ಕಾರ ತಿಂಗಳ ಹಣವನ್ನು ಕಾರ್ಡಿಗೇ ತುಂಬುತ್ತದೆ. ರಾಜ್ಯಗಳ ಮುಖ್ಯಮಂತ್ರಿಗಳು 2023ರ ನವೆಂಬರಿನಲ್ಲಿ ಒಪ್ಪಿದರು, 2024ರ ಮೇನಲ್ಲಿ ಕಾಯ್ದೆಗೆ ಸೇರಿತು. ನಗದಾಗಿ ತೆಗೆಯಬಹುದಾದ್ದು ಬಹುತೇಕ ರಾಜ್ಯಗಳಲ್ಲಿ ತಿಂಗಳಿಗೆ 50 ಯೂರೊ. ಹೊರದೇಶಕ್ಕೆ ಹಣ ಕಳಿಸಲಾಗದು.

ಬಲಪಕ್ಷಗಳ ವಾದ ಎರಡು: ತೆರಿಗೆದಾರರ ದುಡ್ಡು ಊರಿಗೆ, ಕಳ್ಳಸಾಗಣೆದಾರರ ಕೈಗೆ ಹೋಗಬಾರದು, ನಗದಿನ ಆಸೆಗೆ ಬರುವವರು ಕಡಿಮೆಯಾಗಬೇಕು. ಎಡದವರ ವಾದ: ಬಡವನಿಗೆ ಬದುಕು ನಡೆಯುವುದೇ ಚಿಲ್ಲರೆಯಲ್ಲಿ. ಎಡದವರ ಈ ಮಾತಿಗೆ ಹುರುಳಿದೆ. ಜರ್ಮನಿ ನಾವಂದುಕೊಂಡಷ್ಟು ಡಿಜಿಟಲ್ ಅಲ್ಲ. ನಮ್ಮ ತರಕಾರಿ ಗಾಡಿಯಲ್ಲಿ ಕ್ಯೂಆರ್ ಇದ್ದರೆ, ಅಲ್ಲಿನ ಸಂತೆ, ಬೇಕರಿ, ಹಳೆ ಸಾಮಾನಿನ ಬಜಾರು ಎಷ್ಟೋ ಕಡೆ ಇನ್ನೂ ನಗದನ್ನೇ ಕೇಳುತ್ತವೆ. ಮಗುವಿನ ಹಳೆ ಸೈಕಲ್ಲು, ಶಾಲೆಯ ಪ್ರವಾಸದ ಹಣ ಎಲ್ಲ ಆ 50ರಲ್ಲೇ ಆಗಬೇಕು. ವಕೀಲರಿಗೆ ಕಂತು ಕಟ್ಟಬೇಕೆಂದರೆ ಆ ಖಾತೆಗೆ ಹಣ ವರ್ಗಾಯಿಸಲು ಕಚೇರಿಯ ಒಪ್ಪಿಗೆ ಬೇಕು ಎಂಬ ನಿಯಮ ಹಲವೆಡೆ ಇದೆ; ಆ ಒಪ್ಪಿಗೆ ತಡವಾದರೆ ಕಂತು ತಪ್ಪುತ್ತದೆ.

ಇದಕ್ಕೆ ಜನ ಕಂಡುಕೊಂಡ ಉಪಾಯ ಸರಳ. ಕಾರ್ಡ್ ಇರುವವರು ಸೂಪರ್ ಮಾರ್ಕೆಟ್ಟಿಗೆ ಹೋಗಿ ಅದರಿಂದ 50 ಯೂರೊ ಗಿಫ್ಟ್ ವೋಚರ್ ಕೊಳ್ಳುತ್ತಾರೆ. ಸ್ವಯಂಸೇವಕರ ಮೇಜಿಗೆ ತಂದುಕೊಟ್ಟರೆ ಕೈಗೆ 50 ಯೂರೊ ನಗದು. ಆ ವೋಚರನ್ನು ಇನ್ನೊಬ್ಬ ಸ್ಥಳೀಯರು ಅದೇ ಬೆಲೆಗೆ ಕೊಂಡು ತಮ್ಮ ಮನೆಯ ದಿನಸಿಗೆ ಬಳಸುತ್ತಾರೆ. ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ನಿಯಮ ಮಾತ್ರ ಟೊಳ್ಳಾಯಿತು. ಬವೇರಿಯಾ ಸರ್ಕಾರ ಇದರ ಮೇಲೆ ಕೆಂಡ ಕಾರಿತು. ನಾರ್ತ್ ರೈನ್–ವೆಸ್ಟ್‌ಫಾಲಿಯಾ ರಾಜ್ಯ ‘ಬೇಕಾದ ಊರು ಬಳಸಲಿ’ ಎಂದು ಬಿಟ್ಟುಕೊಟ್ಟಾಗ ಹಲವು ನಗರಸಭೆಗಳು ಬೇಡವೆಂದವು. ಅವರ ಕಾರಣ ಬರೀ ಮಾನವೀಯತೆಯಲ್ಲ: ಒಪ್ಪಿಗೆ ಕೇಳಿ ಬರುವ ಪ್ರತಿಯೊಂದು ಅರ್ಜಿಯನ್ನೂ ಒಬ್ಬ ಗುಮಾಸ್ತ ಕೂತು ನೋಡಬೇಕು.

ಎಡಪಕ್ಷಗಳು ಕೊಡು ಅನ್ನುತ್ತವೆ, ಬಲಪಕ್ಷಗಳು ಕಡಿ ಅನ್ನುತ್ತವೆ. ಇಷ್ಟೇ ಅಲ್ಲವೇ? (ಮೈಸೂರಿನಿಂದ)

ಅಲ್ಲ. 1992ರಲ್ಲಿ 4.38 ಲಕ್ಷ ಆಶ್ರಯ ಅರ್ಜಿ ಬಂದಾಗ, ಆಶ್ರಯದ ಹಕ್ಕನ್ನು ಬಿಗಿ ಮಾಡಲು ಸಂವಿಧಾನ ತಿದ್ದಬೇಕಾಯಿತು. ಮೂರನೇ ಎರಡು ಬಹುಮತ ಬೇಕು. ವಿರೋಧ ಪಕ್ಷವಾಗಿದ್ದ ಎಸ್‌ಪಿಡಿ, ಅಂದರೆ ಎಡ–ಮಧ್ಯಮ ಪಕ್ಷ, ಕೈಗೂಡಿಸಿದ್ದರಿಂದಲೇ 1993ರ ಮೇನಲ್ಲಿ ಅದು ಆಯಿತು. ಮೇಲೆ ಹೇಳಿದ ಪ್ರತ್ಯೇಕ ಕಾಯ್ದೆ ಆ ರಾಜಿಯ ಕೂಸು. ಕಾಯುತ್ತಿರುವವರಿಗೆ ಕಡಿಮೆ ದರ ಕೊಡುವ ಅವಧಿಯನ್ನು 2024ರಲ್ಲಿ 18ರಿಂದ 36 ತಿಂಗಳಿಗೆ ಏರಿಸಿದ್ದು, ಕಾರ್ಡನ್ನು ಕಾಯ್ದೆಗೆ ಸೇರಿಸಿದ್ದು ಎಸ್‌ಪಿಡಿಯ ಓಲಾಫ್ ಶೋಲ್ಜ್ ಸರ್ಕಾರ; ಅದರಲ್ಲಿ ಗ್ರೀನ್ಸ್ ಕೂಡ ಇದ್ದರು.

ಅದಕ್ಕೂ ಎಡಕ್ಕೆ ಹೋದರೆ ಒಡಕು ಇನ್ನೂ ದೊಡ್ಡದು. ಸಾರಾ ವಾಗನ್‌ಕ್ನೆಷ್ಟ್ ಎಂಬ ನಾಯಕಿ ‘ಡೀ ಲಿಂಕೆ’ ಎಂಬ ಎಡಪಕ್ಷ ಬಿಟ್ಟು 2024ರ ಜನವರಿಯಲ್ಲಿ ತಮ್ಮದೇ ಪಕ್ಷ ಕಟ್ಟಿದರು: ಪಿಂಚಣಿ ಹೆಚ್ಚಿಸಿ, ಶ್ರೀಮಂತರಿಗೆ ತೆರಿಗೆ ಹಾಕಿ, ವಲಸೆ ಮಾತ್ರ ಬಿಗಿ ಮಾಡಿ. 2025ರ ಫೆಬ್ರುವರಿ ಚುನಾವಣೆಯಲ್ಲಿ ಆ ಪಕ್ಷ ಸಂಸತ್ತಿಗೆ ಹೋಗಲು ದಾಟಬೇಕಾದ ಶೇ 5ರ ಗೆರೆಯ ಹೊಸ್ತಿಲಲ್ಲೇ ಎಡವಿತು, 4.98. ವಲಸಿಗರ ಪರ ಗಟ್ಟಿಯಾಗಿ ನಿಂತ ಡೀ ಲಿಂಕೆಗೆ 8.8 ಸಿಕ್ಕಿತು. ಕಡುಬಲದ ಎಎಫ್‌ಡಿಗೆ 20.8. ಆ ಪಕ್ಷ 2013ರಲ್ಲಿ ಹುಟ್ಟಿದ್ದು ಯೂರೊ ನಾಣ್ಯದ ವಿರುದ್ಧ. ನಿರಾಶ್ರಿತರ ವಿಷಯ ಅದಕ್ಕೆ ಸಿಕ್ಕಿದ್ದು ಆಮೇಲೆ. ಎಎಫ್‌ಡಿಯ ಜೊತೆ ಕೈಜೋಡಿಸುವುದಿಲ್ಲ ಎಂದು ಉಳಿದ ಪಕ್ಷಗಳು ಕಟ್ಟಿದ ಗೋಡೆಯೂ ಬಲದಲ್ಲಿ ಬಿರುಕು ಬಿಟ್ಟಿದೆ: 2025ರ ಜನವರಿ 29ರಂದು ಬಲ–ಮಧ್ಯಮ ಪಕ್ಷ ಸಿಡಿಯು ತಂದ ಗಡಿ ಬಿಗಿ ಮಾಡುವ ನಿರ್ಣಯ ಎಎಫ್‌ಡಿಯ ಮತಗಳಿಂದ 348–345ರಲ್ಲಿ ಪಾಸಾಯಿತು. ಎರಡೇ ದಿನಕ್ಕೆ ಅದೇ ದಿಕ್ಕಿನ ಮಸೂದೆ ಬಿದ್ದುಹೋಯಿತು, ಸಿಡಿಯು ಸದಸ್ಯರಲ್ಲೇ ಕೆಲವರು ಮತ ಹಾಕಲಿಲ್ಲ.

ನಮಗೆ ಕಾಣುವಂತೆ, ಗದ್ದಲದಲ್ಲಿ ಕಾಣದೆ ಹೋಗುವ ನಿಜವಾದ ಜಗಳ ‘ಬಿಲ್ ಯಾರು ಕಟ್ಟಬೇಕು’ ಎಂಬುದು. ಅರ್ಜಿದಾರರನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ ತೆರಿಗೆ ಆದಾಯಕ್ಕೆ ಮೂರನೇ ಎರಡು, ಜನಸಂಖ್ಯೆಗೆ ಮೂರನೇ ಒಂದು ತೂಕ. ಅಲ್ಲಿಂದ ಮುಂದೆ ಹಾಸಿಗೆ, ಶಾಲೆ, ಬಾಡಿಗೆ ಹುಡುಕುವವರು ಊರಿನ ಆಡಳಿತ. 2024ರಿಂದ ಕೇಂದ್ರ ಪ್ರತಿ ಹೊಸ ಅರ್ಜಿದಾರರಿಗೆ ವರ್ಷಕ್ಕೆ 7,500 ಯೂರೊ ಕೊಡುತ್ತದೆ, ಊರುಗಳು ಸಾಲದು ಅನ್ನುತ್ತವೆ. ಉಕ್ರೇನಿನವರನ್ನು 2022ರ ಜೂನ್ 1ರಿಂದ ನೇರ ಜೀವನ ಭತ್ಯೆಯ ಸಾಲಿಗೆ (ಬ್ಯೂರ್ಗರ್‌ಗೆಲ್ಟ್ ಎಂಬ ಹೆಸರು ಬಂದದ್ದು 2023ರಲ್ಲಿ) ತಂದಾಗ ಮೇಯರುಗಳು ಖುಷಿಪಟ್ಟಿದ್ದೂ ಇದಕ್ಕೇ: ಆ ಖರ್ಚಿನ ಬಹುಪಾಲು ಕೇಂದ್ರದ್ದು. 2025ರ ಏಪ್ರಿಲ್ 1ರ ನಂತರ ಬಂದವರನ್ನು ಮತ್ತೆ ಕಡಿಮೆ ದರಕ್ಕೆ ಇಳಿಸಲು ಸಿಡಿಯು–ಎಸ್‌ಪಿಡಿ ಮೈತ್ರಿ ಒಪ್ಪಿತು. ತಲೆಗೆ ಉಳಿಯುವುದು ನೂರು ಚಿಲ್ಲರೆ ಯೂರೊ; ಆದರೆ ಖರ್ಚು ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಜೊತೆಗೆ ಕೆಲಸ ಕೊಡಿಸುವ ಕಚೇರಿಯ ಕೊಂಡಿಯೂ ಸಡಿಲವಾಗುತ್ತದೆ.

ಹಂಚಿಕೆಯ ಕೊನೆ ತುದಿ ಹೇಗಿರುತ್ತದೆ ಎಂಬುದಕ್ಕೆ ಎಸೆನ್ ನಗರದ ಉಚಿತ ಆಹಾರ ಕೇಂದ್ರವನ್ನು ನೋಡಬಹುದು. ಅದು ಸರ್ಕಾರದ್ದಲ್ಲ, ಅಂಗಡಿಗಳಲ್ಲಿ ಉಳಿದ ಆಹಾರ ಹಂಚುವ ದತ್ತಿ ಸಂಸ್ಥೆ. ಫಲಾನುಭವಿಗಳಲ್ಲಿ ವಿದೇಶಿಯರು ಮುಕ್ಕಾಲು ಪಾಲಾದರು, ಅಜ್ಜಿಯಂದಿರು ಸಾಲಿಗೆ ಬರಲು ಅಂಜುತ್ತಿದ್ದಾರೆ ಎಂದು 2018ರ ಜನವರಿಯಿಂದ ಹೊಸ ಕಾರ್ಡನ್ನು ಜರ್ಮನ್ ಗುರುತಿನ ಚೀಟಿ ಇದ್ದವರಿಗೆ ಮಾತ್ರ ಕೊಟ್ಟಿತು. ದೇಶವೇ ಕೂಗಾಡಿತು, ಏಪ್ರಿಲಿನಲ್ಲಿ ನಿಯಮ ಹೋಯಿತು.

ನೆರವು ಕಡಿತ ಮಾಡಿದರೆ ಬರುವವರು ಕಡಿಮೆ ಆಗುತ್ತಾರಾ? (ಉಡುಪಿಯಿಂದ)

ಇದಕ್ಕೆ ಒಳ್ಳೆಯ ಪುರಾವೆ ಡೆನ್ಮಾರ್ಕಿನದು. 2002ರಲ್ಲಿ ಯುರೋಪ್ ಒಕ್ಕೂಟದ ಹೊರಗಿನಿಂದ ಬಂದ ಹೊಸಬರ ಭತ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಬರುವವರ ಸಂಖ್ಯೆ ವರ್ಷಕ್ಕೆ ಸುಮಾರು 5,000ದಷ್ಟು ಇಳಿಯಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ಬಲದವರು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಅದೇ ಕಡಿತದ ಮೇಲಿನ ಇನ್ನೊಂದು ಅಧ್ಯಯನ ಹೇಳುವುದು: ಕೆಲಸಕ್ಕೆ ಸೇರುವವರು ಮೊದಲು ಹೆಚ್ಚಿದರೂ ಆ ಏರಿಕೆ ನಿಲ್ಲಲಿಲ್ಲ, ಅಂಗಡಿಯಿಂದ ದಿನಸಿ ಕದಿಯುವುದು ಹೆಚ್ಚಿತು, ಮಕ್ಕಳ ಓದು ಹಿಂದೆಬಿತ್ತು. ಎಡದವರು ಇದನ್ನು ಮಾತ್ರ ಓದುತ್ತಾರೆ. ಅಲ್ಲಿ ವಲಸೆ ಬಿಗಿ ಮಾಡುತ್ತಲೇ 2019ರಲ್ಲಿ ಅಧಿಕಾರಕ್ಕೆ ಬಂದ ಮೆಟ್ಟೆ ಫ್ರೆಡೆರಿಕ್ಸನ್ ಸೋಷಿಯಲ್ ಡೆಮಾಕ್ರಟ್ ಪಕ್ಷದವರು ಎಂಬುದು ನೆನಪಿರಲಿ.

ಮಗ ಮ್ಯೂನಿಕ್‌ನಲ್ಲಿ ಬ್ಲೂ ಕಾರ್ಡ್ (ನುರಿತ ವಿದೇಶಿ ಕೆಲಸಗಾರರ ಪರವಾನಗಿ) ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕೆಲಸ ಹೋದರೆ ಸರ್ಕಾರದ ಹಣ ತೆಗೆದುಕೊಳ್ಳಬಹುದೇ? ಈ ಜಗಳದಿಂದ ಅವನಿಗೆ ತೊಂದರೆಯೇ? (ತುಮಕೂರಿನಿಂದ)

ಧಾರಾಳವಾಗಿ ತೆಗೆದುಕೊಳ್ಳಬಹುದು, ಆದರೆ ಯಾವ ಹಣ ಎಂಬುದು ಮುಖ್ಯ. ಸಂಬಳದಿಂದ ನಿರುದ್ಯೋಗ ವಿಮೆಗೆ 2.6% ಹೋಗುತ್ತದೆ, ಅರ್ಧ ಅವರದು, ಅರ್ಧ ಕಂಪನಿಯದು. ಕಳೆದ 30 ತಿಂಗಳಲ್ಲಿ 12 ತಿಂಗಳು ಕಟ್ಟಿದ್ದರೆ ಕೈಗೆ ಬರುತ್ತಿದ್ದ ಸಂಬಳದ 60%, ಮಕ್ಕಳಿದ್ದರೆ 67% ಸಿಗುತ್ತದೆ. ಇದು ವಿಮೆ, ವೀಸಾಕ್ಕೆ ಕುತ್ತಿಲ್ಲ. ಮಗುವಿಗೆ ತಿಂಗಳಿಗೆ ಬರುವ 255 ಯೂರೊ (2025ರ ದರ) ಕೂಡ ಹಾಗೇ. ಬ್ಯೂರ್ಗರ್‌ಗೆಲ್ಟ್ ಬೇರೆ: ಅದಕ್ಕೆ ಅರ್ಜಿ ಹಾಕಿದರೆ ‘ಸ್ವಂತ ದುಡಿಮೆಯಲ್ಲಿ ಬದುಕುತ್ತಿದ್ದಾರೆ’ ಎಂಬ ಷರತ್ತು ಮುರಿಯುತ್ತದೆ, ವೀಸಾ ನವೀಕರಣಕ್ಕೂ ಪೌರತ್ವಕ್ಕೂ ಅಡ್ಡಿ.

ಜನ ಎಡವುವ ಜಾಗ ಮೂರು. ಕೆಲಸ ಹೋಗುವುದು ಗೊತ್ತಾದ 3 ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸದಿದ್ದರೆ ಒಂದು ವಾರದ ಹಣ ಹೋಗುತ್ತದೆ. (ಮೂರು ತಿಂಗಳಿಗಿಂತ ಮೊದಲೇ ಗೊತ್ತಿದ್ದರೆ, ಕೆಲಸ ಮುಗಿಯುವ ಮೂರು ತಿಂಗಳ ಮುಂಚೆ ಬರೆಸಿದರೆ ಆಯಿತು.) ತಕ್ಕ ಕಾರಣವಿಲ್ಲದೆ ತಾವಾಗಿಯೇ ರಾಜೀನಾಮೆ ಕೊಟ್ಟರೆ 12 ವಾರ ಏನೂ ಇಲ್ಲ. ವಿದೇಶಿಯರ ಕಚೇರಿಗೆ ಎರಡು ವಾರದೊಳಗೆ ತಿಳಿಸಬೇಕು. ಹೆಚ್ಚು ಜನ ಮರೆಯುವುದು ಇದನ್ನೇ.

ರಾಜಕೀಯ ಅವರನ್ನು ತಟ್ಟಿರುವುದು ಪೌರತ್ವದಲ್ಲಿ. 2024ರಲ್ಲಿ ತೆರೆದ ಮೂರು ವರ್ಷದ ಹಾದಿಯನ್ನು 2025ರಲ್ಲಿ ಮುಚ್ಚಿದರು, ಈಗ ಐದು ವರ್ಷ. ಕಾಯಂ ವಾಸದ ಪರವಾನಗಿ ಹಾಗೇ ಇದೆ: ಜರ್ಮನ್ ಭಾಷೆ ಬಿ1 (ಮಧ್ಯಮ) ಮಟ್ಟಕ್ಕೆ ಬಂದಿದ್ದರೆ 21 ತಿಂಗಳು, ಎ1 (ಆರಂಭಿಕ) ಮಾತ್ರ ಇದ್ದರೆ 27. ಆ ಆರು ತಿಂಗಳು ಉಳಿಸಲು ಈಗಲೇ ಸಂಜೆ ತರಗತಿಗೆ ಸೇರಲಿ.